ರೋಗಿಯ ಮಾತು, ಯಂತ್ರದ ಕಡತ

ಐಮಂಗಲ ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ, ಹೆದ್ದಾರಿಯ ಮೇಲಿರುವ ಹೋಬಳಿ ಕೇಂದ್ರ. ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿ ಮರೆತುಬಿಡಬಹುದಾದ ಊರು. ಈ ಸೀಮೆಯಲ್ಲಿ ಕಾಯಿಲೆ ಬಿದ್ದವರು ಮೊದಲು ಹತ್ತಿರದ ವೈದ್ಯರನ್ನು ಕಾಣುತ್ತಾರೆ. ಗುಣ ಕಾಣದಿದ್ದರೆ ಹಿರಿಯೂರಿನ ತಾಲ್ಲೂಕು ಆಸ್ಪತ್ರೆ, ಇಲ್ಲವೇ ದುರ್ಗದ ಜಿಲ್ಲಾ ಆಸ್ಪತ್ರೆ. ಅಲ್ಲಿಯೂ ಆಗದಿದ್ದರೆ ದಾವಣಗೆರೆ, ಕಟ್ಟಕಡೆಗೆ ಬೆಂಗಳೂರು. ಈ ಪ್ರಯಾಣದ ಉದ್ದಕ್ಕೂ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ನಾಲ್ಕಾಗಿ ಮಡಿಸಿದ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಸುರುಳಿ ಸುತ್ತಿಕೊಂಡ ಎಕ್ಸ್‌ರೇ, ಯಾವ ವರ್ಷದ್ದೆಂದು ತಿಳಿಯದ ಔಷಧದಂಗಡಿಯ ರಸೀತಿ. ಆ ಮನುಷ್ಯನ ದೇಹದ ಚರಿತ್ರೆಯೆಲ್ಲ ಆ ಚೀಲದಲ್ಲಿದೆ. ಮಳೆಯಲ್ಲಿ ನೆನೆದರೆ, ಬಸ್ಸಿನಲ್ಲಿ ಮರೆತರೆ, ಚರಿತ್ರೆ ಹೋಯಿತು.

ಆ ಚೀಲದ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ತಂತ್ರಾಂಶಗಳು ಈಗ ಸಣ್ಣ ದವಾಖಾನೆಗಳಿಗೂ ಬಂದಿವೆ. ಅಂಥ ತಂತ್ರಾಂಶದಲ್ಲಿ ಏನೇನಿರಬೇಕು ಎಂಬುದು ಇಂದಿನ ಮಾತಿನ ವಿಷಯ. ಕನ್ನಡದ ಮೇಷ್ಟರಿಗೆ ಇದರಲ್ಲಿ ಏನು ಕೆಲಸ ಎಂದು ಕೇಳುಗರು ಹುಬ್ಬೇರಿಸಬಹುದು. ರೋಗಿಯ ದಾಖಲೆ ಮೂಲತಃ ಒಂದು ಬರವಣಿಗೆ; ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳಿ ಬರೆದು, ಮೂರನೆಯವರು ಓದುವಂತೆ ಮಾಡುವ ವೃತ್ತಾಂತ. ನನ್ನ ಅಧಿಕಾರ ಅಷ್ಟರಮಟ್ಟಿನದು.

ಈ ಯಂತ್ರಗಳ ಹುಟ್ಟಿಗೆ ನಮ್ಮ ನಾಡಿನಲ್ಲಿಯೇ ಒಂದು ಕಥೆಯುಂಟು. ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಶಶಾಂಕ್ ಎಂಬ ಯುವಕ ತನ್ನ ತಂದೆಯ ಮಂಡಿಯ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಅಮೆರಿಕದ ವೈದ್ಯರೊಬ್ಬರ ಅಭಿಪ್ರಾಯ ಕೇಳಬೇಕೆಂದಿದ್ದ. ಕಳಿಸೋಣವೆಂದರೆ ದಾಖಲೆಗಳು ಕಳಿಸಬಹುದಾದ ರೂಪದಲ್ಲಿ ಇರಲಿಲ್ಲ. ಆ ತೊಡಕಿನಿಂದ ಹೊರಟು ಅವನೂ ಅವನ ಸಹಪಾಠಿ ಅಭಿನವ್ ಲಾಲ್‌ನೂ 2008ರಲ್ಲಿ ಪ್ರಾಕ್ಟೋ ಎಂಬ ಸಂಸ್ಥೆಯನ್ನು ಕಟ್ಟಿದರು. ವೈದ್ಯರ ದಿನಚರಿ, ರೋಗಿಗಳ ಕಡತ, ಔಷಧದ ಚೀಟಿ, ಬಿಲ್ಲು ಇವನ್ನು ಒಟ್ಟಿಗೆ ನೋಡಿಕೊಳ್ಳುವ ತಂತ್ರಾಂಶ ಅವರ ಮೊದಲ ಕೃಷಿ. ಐಮಂಗಲದ ಪ್ಲಾಸ್ಟಿಕ್ ಚೀಲಕ್ಕೂ ಆ ಮಂಡಿನೋವಿಗೂ ಇರುವ ಸಂಬಂಧ ಸ್ಪಷ್ಟವಾಗಿಯೇ ಇದೆ.

ದಾಖಲೆಯ ಮೊದಲ ಸಾಲು ಹೆಸರು. ಇದು ಸುಲಭವೆಂದು ತೋರುತ್ತದೆ. ನಮ್ಮ ದುರ್ಗದ ಸೀಮೆಯಲ್ಲಿ ಸುಲಭವಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಕೃಪೆಯಿಂದ ಇಲ್ಲಿ ತಿಪ್ಪೇಸ್ವಾಮಿಗಳಿಗೆ ಕೊರತೆಯಿಲ್ಲ. ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತರು ‘ಟಿ’ಯ ಪಕ್ಕದಲ್ಲಿ ‘ಎಚ್’ ಇಡುತ್ತಾರೆ, ಇನ್ನೊಬ್ಬರು ಇಡುವುದಿಲ್ಲ. ‘ಪಿ’ ಒಂದೋ ಎರಡೋ, ‘ಸ್ವಾ’ದ ವಕಾರಕ್ಕೆ ‘ಡಬ್ಲ್ಯು’ವೋ ‘ವಿ’ಯೋ, ಕೊನೆಗೆ ‘ವೈ’ಯೋ ‘ಐ’ಯೋ. ನಾಲ್ಕೆಡೆ ಎರಡೆರಡು ದಾರಿ. ಒಟ್ಟು 16 ರೂಪಗಳಾದವು. ತಂದೆಯ ಹೆಸರಿನ ಅಕ್ಷರ ಮುಂದೆ ಬರುವುದೋ ಹಿಂದೆ ಬರುವುದೋ ಎಂಬುದನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಕನ್ನಡದಲ್ಲಿ ಬರೆದರೆ ಈ 16ರ ಗೊಂದಲವೇ ಇಲ್ಲ. ಆದರೆ ನಮ್ಮ ತಂತ್ರಾಂಶಗಳು ಸಾಮಾನ್ಯವಾಗಿ ಕೇಳುವುದು ಇಂಗ್ಲಿಷಿನ ಹೆಸರನ್ನು.

ಇದರಿಂದ ಆಗುವ ಹಾನಿ ಕಾಗುಣಿತದ ಹಾನಿಯಷ್ಟೇ ಎಂದುಕೊಳ್ಳಬಾರದು. ಒಬ್ಬ ತಿಪ್ಪೇಸ್ವಾಮಿಗೆ ಪೆನ್ಸಿಲಿನ್ ಒಗ್ಗುವುದಿಲ್ಲ ಎಂದಿಟ್ಟುಕೊಳ್ಳೋಣ. ಹಿಂದೊಮ್ಮೆ ಸೂಜಿಮದ್ದಿಗೆ ಮೈ ದದ್ದೆದ್ದು ಉಸಿರು ಕಟ್ಟಿತ್ತು. ವೈದ್ಯರು ಅದನ್ನು ಎಚ್ಚರದಿಂದ ಯಂತ್ರದಲ್ಲಿ ಬರೆದಿಟ್ಟರು. ಮೂರು ವರ್ಷದ ಮೇಲೆ ಆತ ಮತ್ತೆ ಬಂದಾಗ ಗುಮಾಸ್ತರು ಬೇರೆ. ‘ಎಚ್’ ಇಲ್ಲದೆ ಹುಡುಕಿದರು, ಸಿಗಲಿಲ್ಲ, ಹೊಸ ಕಡತ ತೆರೆದರು. ಎಚ್ಚರಿಕೆ ಹಳೆಯ ಕಡತದಲ್ಲಿ ಭದ್ರವಾಗಿಯೇ ಇದೆ. ರೋಗಿ ಮಾತ್ರ ಹೊಸ ಕಡತದಲ್ಲಿದ್ದಾನೆ. ಆದುದರಿಂದ ಕೊಳ್ಳುವ ಮೊದಲು ನೋಡಬೇಕಾದ ಗುಣ ಹುಡುಕುವ ಶಕ್ತಿ: ಉಚ್ಚಾರ ಒಂದೇ ಆಗಿದ್ದು ಅಕ್ಷರ ಬೇರೆಯಾದರೂ ಹಿಡಿಯಬೇಕು, ಊರು, ತಂದೆಯ ಹೆಸರು, ಫೋನ್ ಸಂಖ್ಯೆಗಳಿಂದಲೂ ಹುಡುಕಬರಬೇಕು, ಒಬ್ಬನದೇ ಎರಡು ಕಡತಗಳಾಗಿದ್ದರೆ ಕೂಡಿಸಲು ಬರಬೇಕು. ವಯಸ್ಸನ್ನು ನಂಬಿ ಹುಡುಕುವುದು ಪ್ರಯೋಜನವಿಲ್ಲ; ಜನವರಿ 1 ಅಥವಾ ಜೂನ್ 1ರಂದು ಹುಟ್ಟಿದವರ ಸಂಖ್ಯೆ ನಮ್ಮ ಹಿರಿಯರಲ್ಲಿ ಆಶ್ಚರ್ಯ ಹುಟ್ಟಿಸುವಷ್ಟಿದೆ! ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಯೋಜನೆ 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿದಾಗ ಪ್ರತಿಯೊಬ್ಬರಿಗೂ 14 ಅಂಕಿಗಳ ಆರೋಗ್ಯ ಸಂಖ್ಯೆ ಕೊಡುವ ಏರ್ಪಾಡಾಯಿತು. ‘ಆಭಾ’ ಎಂದು ಅದರ ಹೆಸರು. ಪಡೆಯುವುದು ಅವರವರ ಇಚ್ಛೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಕಡತ ಹೋಗಬೇಕಾದರೆ ರೋಗಿಯ ಒಪ್ಪಿಗೆ ಬೇಕು. ತಿಪ್ಪೇಸ್ವಾಮಿಗಳ ತೊಡಕಿಗೆ ಇದು ಒಳ್ಳೆಯ ಮದ್ದೇ. ಸಂಖ್ಯೆ ಪಡೆದವರಿಗೆ, ಪಡೆದದ್ದು ನೆನಪಿರುವವರಿಗೆ.

ಹೆಸರಾಯಿತು. ಇನ್ನು ರೋಗಿಯ ಮಾತು. ಅಮೆರಿಕದ ಲಾರೆನ್ಸ್ ವೀಡ್ ಎಂಬ ವೈದ್ಯರು 1968ರಲ್ಲಿ ಪ್ರಕಟಿಸಿದ ಲೇಖನಗಳು ವೈದ್ಯಕೀಯ ದಾಖಲೆಯ ಕ್ರಮವನ್ನೇ ಬದಲಿಸಿದವು. ಅವರ ಕ್ರಮದಲ್ಲಿ ಟಿಪ್ಪಣಿಗೆ ನಾಲ್ಕು ಅಂಗಗಳು. ಮೊದಲು ರೋಗಿ ಹೇಳಿದ್ದು; ಆಮೇಲೆ ವೈದ್ಯರು ನೋಡಿದ್ದು, ಅಳೆದದ್ದು; ಮೂರನೆಯದು ಅವೆರಡರಿಂದ ಮಾಡಿದ ತೀರ್ಮಾನ; ನಾಲ್ಕನೆಯದು ಮುಂದೆ ಮಾಡುವ ಉಪಾಯ. ಇಂದಿನ ಎಷ್ಟೋ ತಂತ್ರಾಂಶಗಳ ಮೂಲ ಅಚ್ಚು ಇದೇ. ರೋಗಿ ಹೇಳಿದ್ದು ಮೊದಲು ಬರುವುದನ್ನು ಗಮನಿಸಬೇಕು.

ಆದರೆ ಯಂತ್ರಕ್ಕೆ ಪಟ್ಟಿಗಳ ಮೇಲೆ ಪ್ರೀತಿ ಹೆಚ್ಚು. ಪರದೆಯ ಮೇಲೆ ಇಂಗ್ಲಿಷ್ ಹೆಸರುಗಳ ಪಟ್ಟಿ ಇಳಿದು ಬರುತ್ತದೆ, ಒಂದನ್ನು ಒತ್ತಿದರೆ ಆಯಿತು. ಈಗ ಕೇಳಿ: ನಮ್ಮ ಜನ ಸುಸ್ತು ಎನ್ನುತ್ತಾರೆ, ನಿಶ್ಶಕ್ತಿ ಎನ್ನುತ್ತಾರೆ, ಮೈ ಭಾರ ಎನ್ನುತ್ತಾರೆ, ಕೈಕಾಲು ಜೋಮು ಎನ್ನುತ್ತಾರೆ, ಸೆಳೆತ ಎನ್ನುತ್ತಾರೆ. ಪಟ್ಟಿಯಲ್ಲಿ ಅವಸರದಿಂದ ಒತ್ತಿದ ‘ವೀಕ್ನೆಸ್’ ಎಂಬ ಒಂದೇ ಪದ ಈ ಐದನ್ನೂ ನುಂಗುತ್ತದೆ. ಸಕ್ಕರೆ ಕಾಯಿಲೆಯವರು ಪಾದ ಜೋಮು ಹಿಡಿಯುತ್ತದೆ ಎಂದರೆ ವೈದ್ಯರು ನರಗಳನ್ನು ಪರೀಕ್ಷಿಸಬೇಕು. ನೀರಿನ ಕೊಡ ಹೊತ್ತು ದಿಣ್ಣೆ ಹತ್ತುವಾಗ ಮಾತ್ರ ಸುಸ್ತು, ಕೂತರೆ ಇಲ್ಲ ಎಂದು ಹೆಂಗಸೊಬ್ಬರು ಹೇಳಿದರೆ ಅವರ ರಕ್ತವನ್ನೂ ಹೃದಯವನ್ನೂ ನೋಡಬೇಕು. ‘ಉಷ್ಣ ಆಗಿದೆ’ ಎಂಬ ಮಾತನ್ನು ತೆಗೆದುಕೊಳ್ಳಿ. ಕಣ್ಣುರಿ, ಬಾಯಿಹುಣ್ಣು, ಮೂತ್ರ ಮಾಡುವಾಗಿನ ಉರಿ, ಎಲ್ಲಕ್ಕೂ ಅದೇ ಮಾತು. ಇದು ಯಾವುದು ಎಂದು ಇನ್ನೊಂದು ಪ್ರಶ್ನೆ ಕೇಳದೆ ಪಟ್ಟಿಯಿಂದ ಒಂದನ್ನು ಆರಿಸಿದರೆ, ಮುಂದಿನ ಆಸ್ಪತ್ರೆಯ ವೈದ್ಯರು ಓದುವುದು ಆರಿಸಿದವರ ಊಹೆಯನ್ನು. ರೋಗಿ ಏನು ಹೇಳಿದ್ದರೆಂದು ತಿಳಿಯುವ ದಾರಿ ಅಲ್ಲಿಗೆ ಮುಚ್ಚಿತು.

ಪಟ್ಟಿಗಳು ಬೇಡವೆಂದು ನಾನು ಹೇಳುತ್ತಿಲ್ಲ. ಸ್ನೋಮೆಡ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪದಕೋಶದಲ್ಲಿ 3 ಲಕ್ಷಕ್ಕೂ ಹೆಚ್ಚು ಪರಿಕಲ್ಪನೆಗಳಿಗೆ ಸಂಕೇತಗಳಿವೆ. ಭಾರತ 2014ರಲ್ಲಿ ಅದರ ಸದಸ್ಯ ರಾಷ್ಟ್ರವಾಯಿತು. ಹಿರಿಯೂರಿನಲ್ಲಿ ಬರೆದದ್ದು ದೆಹಲಿಯಲ್ಲಿ ಅದೇ ಅರ್ಥ ಕೊಡಬೇಕಾದರೆ, ರಕ್ತದೊತ್ತಡದ ಎಷ್ಟು ಜನ ಈ ತಿಂಗಳು ಬರಲಿಲ್ಲವೆಂದು ಒಂದು ಗುಂಡಿ ಒತ್ತಿ ತಿಳಿಯಬೇಕಾದರೆ ಸಂಕೇತ ಬೇಕು. ಈ ಎರಡನೆಯ ಗುಣ ಬಹಳ ಬೆಲೆಯುಳ್ಳದ್ದು. ಬಂದವರನ್ನು ನೋಡುವುದು ಎಲ್ಲ ದವಾಖಾನೆಗಳಿಗೂ ಗೊತ್ತು. ಬಾರದವರನ್ನು ನೆನಪಿಡುವುದು ಕಾಗದದ ಕಡತಕ್ಕೆ ಆಗದ ಕೆಲಸ. ನಾನು ಬೇಡುವುದು ಇಷ್ಟು: ಸಂಕೇತದ ಪಕ್ಕದಲ್ಲಿ ರೋಗಿಯ ವಾಕ್ಯ, ಕನ್ನಡದಲ್ಲಿಯೇ, ಎರಡು ಸಾಲು ಇರಲಿ. ಯೂನಿಕೋಡ್ ಬಂದ 1991ರಿಂದಲೂ ಅದರಲ್ಲಿ ಕನ್ನಡಕ್ಕೆ ಸ್ಥಾನವಿದೆ. ಯಂತ್ರದ ಕಡೆಯಿಂದ ಅಡ್ಡಿಯಿಲ್ಲ.

ಕನ್ನಡದಲ್ಲಿ ವೈದ್ಯದ ವಿಷಯ ಹೇಳಲಾಗದು ಎನ್ನುವವರು ಸ್ವಲ್ಪ ಹಿಂದೆ ನೋಡಬೇಕು. ಜಗದ್ದಳ ಸೋಮನಾಥ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದದ್ದು ಹನ್ನೆರಡನೆಯ ಶತಮಾನದಲ್ಲಿ. ಮಂಗರಾಜನ ಖಗೇಂದ್ರಮಣಿದರ್ಪಣ ವಿಷಚಿಕಿತ್ಸೆಯ ಗ್ರಂಥ, ಹದಿನಾಲ್ಕನೆಯ ಶತಮಾನದ್ದು. ನಮ್ಮ ಕಾಲಕ್ಕೆ ಬಂದರೆ, ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಮನೋವೈದ್ಯದ ಕೃತಿ. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಔಷಧದ ಚೀಟಿಯ ವಿಷಯ ಬೇಗ ಮುಗಿಸಬಹುದು. ಓಲೆಗರಿ ಓದಿ ಪಳಗಿದ ಕಣ್ಣಿಗೂ ವೈದ್ಯರ ಕೈಬರಹ ದಕ್ಕುವುದಿಲ್ಲ. ಔಷಧದ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಮಂಡಳಿ 2016ರಲ್ಲಿ ನಿಯಮ ತಿದ್ದಬೇಕಾಯಿತು. ಯಂತ್ರದಿಂದ ಅಚ್ಚಾದ ಚೀಟಿಗೆ ಈ ರೋಗವಿಲ್ಲ. ಒಂದು ಔಷಧ ಇನ್ನೊಂದರೊಡನೆ ಸೇರಬಾರದಾಗಿದ್ದರೆ ಯಂತ್ರ ಎಚ್ಚರಿಸುವುದೂ ಉಂಟು. ಆದರೆ ಪ್ರತಿ ಚಿಕ್ಕ ವಿಷಯಕ್ಕೂ ಗಂಟೆ ಬಾರಿಸುವ ತಂತ್ರಾಂಶವನ್ನು ವೈದ್ಯರು ಕೇಳುವುದನ್ನೇ ಬಿಡುತ್ತಾರೆ. ಬೇರೆ ದೇಶಗಳಲ್ಲಿ ಇದನ್ನು ಅಧ್ಯಯನ ಮಾಡಿದವರು ಬಹುಪಾಲು ಎಚ್ಚರಿಕೆಗಳನ್ನು ವೈದ್ಯರು ದಾಟಿ ಹೋಗುತ್ತಾರೆಂದು ಕಂಡಿದ್ದಾರೆ. ಪೆನ್ಸಿಲಿನ್ನಿನ ಗಂಟೆ ಜೋರಾಗಿರಲಿ, ಉಳಿದವು ಮೆಲ್ಲಗಿರಲಿ.

ದಾಖಲೆ ಯಾರದು? ಕೇಂದ್ರ ಆರೋಗ್ಯ ಇಲಾಖೆ 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದ ಮಾನಕಗಳ ಪ್ರಕಾರ ಅದರಲ್ಲಿರುವ ವಿವರ ರೋಗಿಯದು. ಯಂತ್ರವೂ ಕಾಗದವೂ ಆಸ್ಪತ್ರೆಯದು. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ. ಹೀಗಿರುವಾಗ ಯಾರು ಯಾವಾಗ ಕಡತ ತೆರೆದರೆಂದು ಬರೆದಿಡದ ತಂತ್ರಾಂಶವನ್ನು ವೈದ್ಯರು ಒಪ್ಪಬಾರದು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಗುಮಾಸ್ತರ ಪರದೆಯಲ್ಲಿ ಹೆಸರೂ ಸರದಿಯೂ ಕಂಡರೆ ಸಾಕು, ಯಾವ ಮನೆಯ ಸೊಸೆ ಯಾವ ಪರೀಕ್ಷೆ ಮಾಡಿಸಿಕೊಂಡಳೆಂಬುದು ಕಾಣಬೇಕಿಲ್ಲ. ವೈದ್ಯರು ನಾಳೆ ಬೇರೆ ತಂತ್ರಾಂಶಕ್ಕೆ ಹೋಗುವುದಾದರೆ ಕಡತಗಳು ಇಡಿಯಾಗಿ ಹೊರಬರಬೇಕು. ಈ ಮಾತನ್ನು ಕೊಳ್ಳುವ ದಿನವೇ ಕೇಳಬೇಕು.

ವಿದ್ಯುತ್ತು ಹೋದಾಗ, ಸಂಪರ್ಕ ಕಡಿದಾಗ ಯಂತ್ರ ಏನು ಮಾಡುತ್ತದೆ ಎಂದೂ ಕೇಳಬೇಕು. 2022ರ ನವೆಂಬರಿನಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗಣಕಯಂತ್ರಗಳ ಮೇಲೆ ದುಷ್ಕರ್ಮಿಗಳ ದಾಳಿಯಾಗಿ, ಸುಮಾರು ಎರಡು ವಾರ ಅಷ್ಟು ದೊಡ್ಡ ಆಸ್ಪತ್ರೆ ಕಾಗದ ಪೆನ್ನಿನಿಂದ ನಡೆಯಿತು. ಆದ್ದರಿಂದ ಪ್ರತಿ ಭೇಟಿಯ ಕೊನೆಯಲ್ಲಿ ಒಂದು ಹಾಳೆ ಅಚ್ಚಾಗಿ ರೋಗಿಯ ಕೈಗೆ ಬರುವುದು ಅವಶ್ಯ. ನಮ್ಮ ಬಸುರಿ ಹೆಂಗಸರು ಒಯ್ಯುವ ತಾಯಿ ಕಾರ್ಡ್ ಇದಕ್ಕೆ ಒಳ್ಳೆಯ ಮಾದರಿ. ಯಾವ ಆಸ್ಪತ್ರೆಗೆ ಹೋದರೂ ಅದನ್ನು ಬಿಡಿಸಿ ನೋಡುತ್ತಾರೆ. ಹಾಳೆಯ ತಲೆಯಲ್ಲಿ ಒಗ್ಗದ ಔಷಧದ ಹೆಸರು ದಪ್ಪಕ್ಷರದಲ್ಲಿ. ಅದರ ಕೆಳಗೆ ಇರುವ ಕಾಯಿಲೆಗಳು. ಆಮೇಲೆ ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳು. 1–0–1 ಎಂಬ ಅಂಕಿಗಳು ವೈದ್ಯರಿಗೂ ಔಷಧದಂಗಡಿಯವರಿಗೂ ತಿಳಿಯುತ್ತವೆ. ಅಜ್ಜಿಗೆ ‘ಬೆಳಿಗ್ಗೆ ಒಂದು, ರಾತ್ರಿ ಊಟವಾದ ಮೇಲೆ ಒಂದು’ ಎಂದು ಕನ್ನಡದಲ್ಲಿ ಇರಬೇಕು. ಓದು ಬಾರದ ಅಜ್ಜಿಗೆ ಒಂದು ಸೂರ್ಯ, ಒಂದು ಚಂದ್ರ ಅಚ್ಚು ಹಾಕಿದರೆ ಸಾಕು. ಕೆಳತುದಿಯಲ್ಲಿ ಮತ್ತೆ ಬರಬೇಕಾದ ದಿನ, ವಾರದ ಹೆಸರಿನೊಡನೆ. ಇದೆಲ್ಲ ಒಂದೇ ಪುಟದಲ್ಲಿ ಹಿಡಿಯುತ್ತದೆ, ಮತ್ತು ಆ ಪ್ಲಾಸ್ಟಿಕ್ ಚೀಲದಲ್ಲಿ ಅದಕ್ಕೆ ಸ್ಥಳವಿದೆ.