ಮಕ್ಕಳ ಚರ್ಮವೂ ಅಂಗಡಿಯ ಲೇಪನಗಳೂ



ಅಲಂಕಾರವು ನಮ್ಮ ನಾಡಿಗೆ ಹೊಸತಲ್ಲ. 1117 ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ದರ್ಪಣಸುಂದರಿಯು ಕನ್ನಡಿ ಹಿಡಿದು ನಿಂತಿದ್ದಾಳೆ. ಆಕೆಯನ್ನೂ ಹಳೇಬೀಡಿನ ಮೂರ್ತಿಗಳನ್ನೂ ಕಡೆದದ್ದು ಕಪ್ಪು ಛಾಯೆಯ ಬಳಪದ ಕಲ್ಲಿನಲ್ಲಿ. ಆ ಬಣ್ಣದಿಂದ ಅವುಗಳ ಚೆಲುವಿಗೆ ಕುಂದುಂಟೆಂದು ಯಾರೂ ಹೇಳಲಾರರು. ಆದರೆ ಅದೇ ಊರುಗಳ ಶಾಲೆಯ ಬಾಲಿಕೆಗೆ ಮಾತ್ರ ಮೈಬಣ್ಣ ತಿಳಿಯಾಗಬೇಕೆಂದು ಜಾಹೀರಾತೂ ಬಂಧುಗಳೂ ಬೋಧಿಸುವುದುಂಟು. ಹಾಗೆ ಕೊಂಡು ತಂದ ಡಬ್ಬಿಯಲ್ಲಿ ಏನಿದೆಯೆಂಬುದೇ ಈ ಹೊತ್ತಿನ ವಿಚಾರ.

ಚರ್ಮಕ್ಕೆ ಹಚ್ಚಿದ್ದು ಚರ್ಮದಲ್ಲಿಯೇ ನಿಲ್ಲುವುದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಕೆಲವು ಪದಾರ್ಥಗಳು ಅದನ್ನು ದಾಟಿ ರಕ್ತವನ್ನು ಸೇರುತ್ತವೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳ ಚರ್ಮದ ವಿಸ್ತಾರವು ದೊಡ್ಡವರದಕ್ಕಿಂತ ಅಧಿಕ. ಆದುದರಿಂದ ಮೈಯೊಳಗೆ ಸೇರುವ ಪಾಲೂ ಅವರಿಗೆ ಹೆಚ್ಚಾಗಬಹುದು.

ಮೊದಲನೆಯ ಶತ್ರು ಪಾದರಸ. ಚರ್ಮದಲ್ಲಿ ಬಣ್ಣ ಹುಟ್ಟುವ ಕ್ರಿಯೆಯನ್ನು ಅದು ತಡೆಯುತ್ತದೆ. ಜೊತೆಗೆ ಮೂತ್ರಪಿಂಡಗಳನ್ನೂ ನರಗಳನ್ನೂ ಕೆಡಿಸುತ್ತದೆ. ನೆರೆಯ ಕೇರಳದ ಕೋಟ್ಟಕ್ಕಲ್‌ನಲ್ಲಿ 2021 ರ ಜುಲೈಯಿಂದ 2023 ರ ಸೆಪ್ಟೆಂಬರಿನವರೆಗೆ ಒಂದು ಬಗೆಯ ಮೂತ್ರಪಿಂಡರೋಗದ 22 ಮಂದಿಯನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ 15 ಮಂದಿಗೆ ಆ ರೋಗದ ವಿರಳವಾದೊಂದು ಪ್ರಭೇದವಿದ್ದಿತು. ಆ 15 ರಲ್ಲಿ 13 ಮಂದಿ ಬಿಳುಪಿನ ಲೇಪನ ಬಳಸಿದವರು! ನಮ್ಮ ದೇಶದ 2020 ರ ನಿಯಮಗಳಂತೆ, ಕಣ್ಣಿಗೆ ಹಚ್ಚುವವನ್ನುಳಿದು ಮಿಕ್ಕ ಪ್ರಸಾಧನಗಳಲ್ಲಿ ಅರಿಯದೆ ಸೇರಿದ ಪಾದರಸವೂ ದಶಲಕ್ಷಕ್ಕೆ ಒಂದು ಭಾಗವನ್ನು ಮೀರಕೂಡದು. ತಯಾರಕರ ವಿಳಾಸವೇ ಇಲ್ಲದ ಡಬ್ಬಿಗೆ ಈ ನಿಯಮದ ಅಂಕೆ ಎಲ್ಲಿಯದು?

ಎರಡನೆಯದು ಸ್ಟೆರಾಯ್ಡ್ ಮುಲಾಮು. ಇದು ಕೆಲವು ಚರ್ಮರೋಗಗಳಿಗೆ ಒಳ್ಳೆಯ ಔಷಧ. ಆದರೆ ಅಂದಕ್ಕೆಂದು ತಿಂಗಳುಗಟ್ಟಲೆ ತಿಕ್ಕಿದರೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಮೂಡುತ್ತದೆ. ಇಂಥ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಸರ್ಕಾರವು 2018 ರಲ್ಲಿ ವಿಧಿಸಿತು.

ಮೂರನೆಯದು ವಯಸ್ಸಾದವರ ಸುಕ್ಕಿಗಾಗಿ ಮಾಡಿದ ರೆಟಿನಾಲ್ ಮತ್ತು ಆಮ್ಲಗಳ ಲೇಪನ. ಯೂರೋಪಿನ ಒಕ್ಕೂಟವು ಮುಖದ ಲೇಪನದಲ್ಲಿ ರೆಟಿನಾಲನ್ನು ಶೇಕಡಾ 0.3 ಕ್ಕೆ ಮಿತಿಗೊಳಿಸಿ 2024 ರಲ್ಲಿ ನಿಯಮ ಮಾಡಿತು. ಸುಕ್ಕೇ ಇಲ್ಲದ ಹತ್ತು ವರ್ಷದ ಮುಖಕ್ಕೆ ಇದರಿಂದ ದೊರೆಯುವುದು ಉರಿ ಮತ್ತು ಸಿಪ್ಪೆ ಏಳುವಿಕೆ ಮಾತ್ರ.

ಹಾಗಾದರೆ ಬೇಕಾದುದೇನು? ಸೌಮ್ಯವಾದ ಸಾಬೂನು, ನೀರು. ಮಾಗಿಯಲ್ಲಿ ಮೈ ಒಡೆದರೆ ಅರಸೀಕೆರೆಯ ಸೀಮೆಯಲ್ಲಿ ಮನೆಮನೆಗೂ ಪರಿಚಿತವಾದ ಕೊಬ್ಬರಿ ಎಣ್ಣೆ. ಮೊಡವೆಯ ಮುಖಕ್ಕೆ ಎಣ್ಣೆ ಬೇಡ. ಕೊಳ್ಳುವ ಮುನ್ನ ತಯಾರಕರ ಹೆಸರು, ಪದಾರ್ಥಗಳ ಪಟ್ಟಿ, ಅವಧಿ ಇವನ್ನು ಓದತಕ್ಕದ್ದು. ಹಚ್ಚಿದಲ್ಲಿ ಉರಿಯೆದ್ದರೆ ಡಬ್ಬಿಯೊಡನೆಯೇ ವೈದ್ಯರನ್ನು ಕಾಣಬೇಕು. ಮುಖ ಕಾಲು ಊದಿಕೊಂಡು ಮೂತ್ರ ನೊರೆಯಾದರಂತೂ ತಡಮಾಡಲಾಗದು.

ಎಲ್ಲಕ್ಕೂ ಮಿಗಿಲಾಗಿ, ಮಗುವಿನ ಬಣ್ಣವನ್ನು ಕೊರತೆಯೆಂದು ಮನೆಯವರು ಆಡಬಾರದು. ಆ ಮಾತು ನಿಂತರೆ ಡಬ್ಬಿಯ ವ್ಯಾಪಾರವು ಅರ್ಧ ನಿಂತಂತೆಯೇ ಸರಿ.