ಆಮೆಮರಿ ತಾನೇ ನಡೆಯಬೇಕು



‘ಮಕ್ಕಳು ಮತ್ತು ನಿಸರ್ಗ’ ಎಂಬ ವಿಷಯ ಕೊಟ್ಟು ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ವಿಷಯ ದೊಡ್ಡದು. ನಾನು ಅದರಲ್ಲಿ ಆಮೆಯ ಮಾತನ್ನಷ್ಟೇ ಆಡುತ್ತೇನೆ. ಕಳೆದ ಮಾರ್ಚಿನಲ್ಲಿ ನಾವು ಆರು ಮಂದಿ ತಾಯಂದಿರು ಮತ್ತು ಒಬ್ಬರು ಅಜ್ಜಿ, ಹನ್ನೊಂದು ಮಕ್ಕಳನ್ನು ಕರೆದುಕೊಂಡು ವೇಳಾಸಿಗೆ ಹೋಗಿದ್ದೆವು. ರತ್ನಾಗಿರಿ ಜಿಲ್ಲೆಯ ಮಂಡಣಗಡ ತಾಲೂಕಿನ ಪುಟ್ಟ ಹಳ್ಳಿ ಅದು. ಸಾವಿತ್ರಿ ನದಿ ಸಮುದ್ರ ಸೇರುವ ಬಾಣಕೋಟೆಯ ಹತ್ತಿರ.

ಅಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ದಡಕ್ಕೆ ಬಂದು, ಮರಳು ತೋಡಿ, ನೂರರ ಆಸುಪಾಸು ಮೊಟ್ಟೆ ಇಟ್ಟು, ಮುಚ್ಚಿ, ಹಿಂದಿರುಗಿ ನೋಡದೆ ಸಮುದ್ರಕ್ಕೆ ಹೋಗುತ್ತವೆ. ಮೊದಲು ಆ ಮೊಟ್ಟೆಗಳು ನಾಯಿ, ನರಿಗಳ ಪಾಲಾಗುತ್ತಿದ್ದವು. ಮನುಷ್ಯರೂ ತೋಡಿಕೊಂಡು ಹೋಗುತ್ತಿದ್ದರು. 2002ರಿಂದ ಚಿಪಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಊರಿನವರನ್ನೇ ಜೊತೆಗೂಡಿಸಿಕೊಂಡು ಕಾವಲು ಶುರು ಮಾಡಿತು. ಈಗ ಮೊಟ್ಟೆಗಳನ್ನು ಎತ್ತಿ ಬೇಲಿಯೊಳಗೆ ಅಷ್ಟೇ ಆಳದ ಗುಂಡಿಯಲ್ಲಿ ಹೂಳುತ್ತಾರೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಬೆಳಗ್ಗೆ, ಸಂಜೆ ಅವುಗಳನ್ನು ನೀರಿನ ಕಡೆ ಬಿಡುವುದನ್ನು ನೋಡಲು ಜನ ಬರುತ್ತಾರೆ. ಊರಿನ ಮನೆಗಳಲ್ಲೇ ವಸತಿ, ಊಟ. ಮೊಟ್ಟೆ ಕದಿಯುವುದಕ್ಕಿಂತ ಆಮೆ ಉಳಿಸುವುದರಲ್ಲಿ ಊರಿಗೆ ಅನ್ನವಿದೆ ಎಂದಾಯಿತು.

ಮೊದಲ ಸಂಜೆ ನಮಗೆ ಏನೂ ಕಾಣಲಿಲ್ಲ. ಕಾವಲಿನ ಹುಡುಗ ಗುಂಡಿಯ ಮೇಲಿನ ಬುಟ್ಟಿಗಳನ್ನು ಒಂದೊಂದಾಗಿ ಎತ್ತಿದ, ಎಲ್ಲ ಖಾಲಿ. “ಐದು ಗಂಟೆ ಬಸ್ಸಿನಲ್ಲಿ ಕೂತು ಬಂದದ್ದು ಇದಕ್ಕಾ?” ಎಂದು ಒಂದು ಮಗು ಅಳುಮುಖ ಮಾಡಿತು. ಬೇಕೆಂದಾಗ ಮೊಬೈಲಿನಲ್ಲಿ ಎಲ್ಲವನ್ನೂ ನೋಡುವ ಮಕ್ಕಳಿಗೆ, ಆಮೆ ತನ್ನ ಸಮಯಕ್ಕೆ ಬರುತ್ತದೆ ಎಂದು ತಿಳಿದದ್ದೂ ಒಂದು ಪಾಠವೇ.

ಮರುದಿನ ಬೆಳಗ್ಗೆ ಏಳು ಮರಿಗಳು ಬಂದಿದ್ದವು. ಬೆರಳುದ್ದವೂ ಇಲ್ಲದ ಕಪ್ಪು ಮರಿಗಳು. ಹಗ್ಗ ಕಟ್ಟಿ ನಮ್ಮನ್ನು ಹಿಂದೆ ನಿಲ್ಲಿಸಿ, ನೀರಿನಿಂದ ಸ್ವಲ್ಪ ದೂರದಲ್ಲಿ ಮರಳ ಮೇಲೆ ಇಟ್ಟರು. ಒಂದು ಮರಿ ಹೆಜ್ಜೆಗುರುತಿನ ಗುಣಿಯಲ್ಲಿ ಬಿದ್ದು ಒದ್ದಾಡತೊಡಗಿತು. ನಮ್ಮ ಗುಂಪಿನ ಎಂಟು ವರ್ಷದ ಹುಡುಗ ಹಗ್ಗದಡಿ ನುಸುಳಲು ಹೊರಟ. “ಹಾತ್ ಲಾವಾಯ್ಚಾ ನಾಹೀ” ಎಂದ ಕಾವಲಿನವ, ಗದರದೆ, ಆದರೆ ಗಟ್ಟಿಯಾಗಿ. “ಎತ್ತಿ ನೀರಿಗೆ ಬಿಟ್ಟರೆ ಬೇಗ ಆಗುತ್ತಲ್ಲ ಅಂಕಲ್?” ಎಂದ ಹುಡುಗ. ಅದಕ್ಕೆ ಆತ ಹೇಳಿದ್ದಿಷ್ಟು: ಈ ಮರಳಿನ ನಡಿಗೆಯಲ್ಲೇ ಮರಿ ತನ್ನ ದಡದ ಗುರುತು ಹಿಡಿಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹತ್ತು ಹದಿನೈದು ವರ್ಷದ ಮೇಲೆ ಹೆಣ್ಣಾಮೆ ಮೊಟ್ಟೆಯಿಡಲು ಹುಟ್ಟಿದ ಸೀಮೆಗೇ ಬರುತ್ತದೆ. ನಾವು ಎತ್ತಿಕೊಂಡು ಹೋದರೆ ಅದಕ್ಕೆ ದಾರಿ ತಿಳಿಯುವುದು ಹೇಗೆ?

ಮರಿ ಮೂರು ಸಲ ಜಾರಿ, ನಾಲ್ಕನೆಯ ಸಲ ಮೇಲೆ ಬಂತು. ಸಾವಿರದಲ್ಲಿ ಒಂದು ಬದುಕಿ ದೊಡ್ಡದಾದರೆ ಹೆಚ್ಚು ಎನ್ನುತ್ತಾರೆ. ನಮ್ಮ ಏಳರ ಗತಿ ಏನೋ. ಆದರೂ ಅಲೆ ಬಂದು ಒಯ್ದಾಗ ಮಕ್ಕಳು ಚಪ್ಪಾಳೆ ತಟ್ಟಲಿಲ್ಲ, ಸುಮ್ಮನೆ ನಿಂತಿದ್ದರು.

ನಮ್ಮ ಜೊತೆಗಿದ್ದ ಅಜ್ಜಿ ಹೇಳಿದರು: ಮೀನು ನೋಟದಿಂದ, ಹಕ್ಕಿ ಕಾವಿನಿಂದ, ಆಮೆ ನೆನೆಯುವುದರಿಂದ ಮರಿ ಸಾಕುತ್ತದೆ ಎಂದು ಹಿಂದಿನವರು ಹೇಳುತ್ತಿದ್ದರಂತೆ. ಅವರ ಇಬ್ಬರು ಮಕ್ಕಳೂ ದೂರದ ದೇಶದಲ್ಲಿದ್ದಾರೆ. ಅವರು ಮುಂದೆ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಅದೇ ಹುಡುಗ ಇನ್ನೊಂದು ಪ್ರಶ್ನೆ ಹಾಕಿದ. “ನಮ್ಮ ಮನೆಯ ಆಮೆಯನ್ನೂ ಕೆರೆಗೆ ಬಿಡೋಣ್ವಾ?” ಅವರ ಮನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಆಮೆಯಿದೆ. ಅದೃಷ್ಟ ಬರುತ್ತದೆ ಎಂದು ಯಾರೋ ಉಡುಗೊರೆ ಕೊಟ್ಟದ್ದು. ಬಸ್ಸಿನಲ್ಲಿದ್ದ ಎಲ್ಲರೂ “ಹೌದು, ಬಿಡೋಣ” ಎಂದರು. ನಾನು ಬೇಡ ಎನ್ನಬೇಕಾಯಿತು. ಹುಡುಗನ ಕಣ್ಣು ತುಂಬಿತು.

ಕಣ್ಣಿನ ಹಿಂದೆ ಕೆಂಪು ಗೀರಿರುವ ಆ ಆಮೆ ರೆಡ್ ಇಯರ್ಡ್ ಸ್ಲೈಡರ್, ಅಮೆರಿಕದ್ದು. ಅಂಗಡಿಯಲ್ಲಿ ನಾಣ್ಯದಷ್ಟಿರುತ್ತದೆ, ಬೆಳೆದರೆ ಊಟದ ತಟ್ಟೆಯಷ್ಟಾಗುತ್ತದೆ. ನಮ್ಮ ಕೆರೆಗೆ ಬಿಟ್ಟರೆ ಇಲ್ಲಿಯ ಆಮೆಗಳ ಆಹಾರ, ಬಿಸಿಲು ಕಾಯುವ ಜಾಗ ಎಲ್ಲ ಕಸಿದುಕೊಳ್ಳುತ್ತದೆ, ರೋಗವನ್ನೂ ತರಬಹುದು. ಹಾಗಾದರೆ ಏನು ಮಾಡುವುದು? ಚೆನ್ನಾಗಿ ಸಾಕುವುದು. ಎಷ್ಟು ವರ್ಷ? ಇಪ್ಪತ್ತು, ಮೂವತ್ತು. “ನನ್ನ ಮಗನ ಮದುವೆಗೂ ಇರುತ್ತದಾ!” ಎಂದು ಅವನ ತಾಯಿ ತಲೆ ಮೇಲೆ ಕೈ ಇಟ್ಟುಕೊಂಡರು. ಬಸ್ಸೆಲ್ಲ ನಕ್ಕಿತು. ಆದರೆ ಮುಂದಿನ ವಾರ ಅವರು ದೊಡ್ಡ ತೊಟ್ಟಿ ತಂದರು. ಅದರ ನೀರು ಬದಲಿಸುವುದು ಈಗ ಹುಡುಗನ ಕೆಲಸ.

ಗೆಳತಿಯರೇ, ನಾನು ಹೇಳಬೇಕೆಂದಿರುವುದು ಇದೇ. ಪ್ರೀತಿಯೊಂದಿದ್ದರೆ ಸಾಲದು, ಆ ಜೀವ ಎಲ್ಲಿಯದು ಎಂದು ತಿಳಿದಿರಬೇಕು. ಒಡಿಶಾದಲ್ಲಿ 2021ರಲ್ಲಿ ಗುರುತಿನ ಬಿಲ್ಲೆ ಹಾಕಿದ ಒಂದು ಕಡಲಾಮೆ 2025ರಲ್ಲಿ ರತ್ನಾಗಿರಿಯ ಗುಹಾಗರದಲ್ಲಿ ಮೊಟ್ಟೆಯಿಟ್ಟಿತು. ಎರಡು ಕರಾವಳಿಗೂ ಸೇರಿದ ಜೀವ ಅದು, ನಮ್ಮ ಹಾಗೆ.

ಮೇ ರಜೆಗೆ ನೀವೆಲ್ಲ ಊರಿಗೆ ಹೋಗುತ್ತೀರಿ. ಮೊದಲ ಮಳೆಗೆ ಆಮೆಗಳು ರಸ್ತೆ ದಾಟುತ್ತವೆ. ಕಂಡರೆ ಗಾಡಿ ನಿಲ್ಲಿಸಿ, ಅದು ಯಾವ ಕಡೆ ಮುಖ ಮಾಡಿದೆಯೋ ಆ ಕಡೆಗೇ ದಾಟಿಸಿ. ವಾಪಸು ತಂದು ಬಿಟ್ಟರೆ ಅದು ಮತ್ತೆ ರಸ್ತೆಗೆ ಇಳಿಯುತ್ತದೆ. ಮೈಮೇಲೆ ನಕ್ಷತ್ರದ ಗೆರೆಗಳಿದ್ದರೆ ಅದು ನೆಲದ ಆಮೆ. ಪುಣ್ಯವೆಂದು ಬಾವಿಗೆ ಹಾಕಬೇಡಿ, ಅದಕ್ಕೆ ಈಜು ಬಾರದು. ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಯಾರ ಮನೆಯಲ್ಲಾದರೂ ಇದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಲು ಹೇಳಿ. ಹೊನ್ನಾವರದ ಕಡೆಯವರು ಕಾಸರಕೋಡಿನ ದಡಕ್ಕೆ ಮಕ್ಕಳನ್ನು ಕರೆದೊಯ್ಯಿರಿ, ಅಲ್ಲಿಗೂ ಕಡಲಾಮೆ ಬರುತ್ತದೆ. ರಾತ್ರಿ ದಡದಲ್ಲಿ ಟಾರ್ಚ್ ಹಾಕಬೇಡಿ. ಮರಿಗಳು ಬೆಳಕು ಕಂಡ ಕಡೆ ಹೋಗುತ್ತವೆ.

ಬರುವ ಮಾರ್ಚಿಗೆ ಮತ್ತೆ ವೇಳಾಸಿಗೆ ಹೋಗುವ ಯೋಚನೆಯಿದೆ. ಬರುವವರು ಹೆಸರು ಕೊಡಿ. ಮರಿ ಕಂಡೇ ಕಾಣುತ್ತದೆ ಎಂದು ಮಾತ್ರ ನಾನು ಮಾತು ಕೊಡಲಾರೆ.