ಪ್ರೌಢಶಾಲೆಯಿಂದ ಕಾಲೇಜಿಗೆ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದೊಡನೆ ಪಟ್ಟಣವಾಸಿಗಳಿಗೆ ಮಾವು, ರೇಷ್ಮೆ, ಟೊಮ್ಯಾಟೊಗಳು ನೆನಪಾಗುವುದು ಸಹಜ. ಆ ಸೀಮೆಯ ಮಕ್ಕಳು ಹೈಸ್ಕೂಲಿನಿಂದ ಕಾಲೇಜಿಗೆ ನಡೆಯುವ ಹಾದಿಯನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಅರಿಕೆಮಾಡಲು ಬಯಸುತ್ತೇವೆ. ನಿಮ್ಮಲ್ಲಿ ಹಲವರ ಮೂಲಸ್ಥಳ ಆ ಊರುಗಳೇ ಆಗಿರಬಹುದು; ಆದುದರಿಂದ ಇದು ಪರರ ಮನೆಯ ವಿಚಾರವಲ್ಲ.

ರೇಷ್ಮೆಹುಳು ನಾಲ್ಕು ಜ್ವರಗಳನ್ನು ಕಳೆದು ಹಣ್ಣಾಗುತ್ತದೆ. ನಾಲ್ಕನೆಯ ಜ್ವರದಿಂದ ಎದ್ದಮೇಲೆ ಅದು ತಿನ್ನುವಷ್ಟು ಸೊಪ್ಪನ್ನು ಹಿಂದೆಂದೂ ತಿಂದಿರುವುದಿಲ್ಲ. ಚಂದ್ರಿಕೆಗೆ ಏರಿದಮೇಲೆ ಎಷ್ಟು ಎಳೆಯ ಸೊಪ್ಪನ್ನು ಹಾಕಿದರೂ ಫಲವಿಲ್ಲ. ಒಳಗೆ ಸೇರಿದ್ದೇ ನೂಲಾಗಿ ಹೊರಬರಬೇಕು. ಎಂಟು, ಒಂಬತ್ತು, ಹತ್ತನೆಯ ತರಗತಿಗಳು ನಮ್ಮ ಮಕ್ಕಳಿಗೆ ಸೊಪ್ಪು ತಿನ್ನುವ ಕಾಲ. ಕಾಲೇಜು ಚಂದ್ರಿಕೆ.

ಕಾಲೇಜಿನಲ್ಲಿ ಪಾಠಹೇಳುವ ನಾವು ವರ್ಷವರ್ಷವೂ ಕಾಣುವ ನೋಟವೊಂದುಂಟು. ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ 600ರ ಸಮೀಪಕ್ಕೆ ಬಂದ ಹಳ್ಳಿಯ ಹುಡುಗಿ ಪ್ರಥಮ ಪಿ.ಯು. ವಿಜ್ಞಾನ ತರಗತಿಯ ಕಡೆಯ ಬೆಂಚಿನಲ್ಲಿ ತುಟಿಬಿಚ್ಚದೆ ಕುಳಿತಿರುತ್ತಾಳೆ. ಆಕೆಗೆ ಬುದ್ಧಿ ಸಾಲದೆಂದಲ್ಲ. ಪಾಠ ಕನ್ನಡದಿಂದ ಇಂಗ್ಲಿಷಿಗೆ ಒಂದೇ ದಿನದಲ್ಲಿ ತಿರುಗಿತು, ಅಷ್ಟೆ. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಅಲ್ಲಿಯ ಮಗುವಿಗೆ ಮನೆಗೊಂದು, ಶಾಲೆಗೊಂದು, ಕಾಲೇಜಿಗೊಂದು ಭಾಷೆ. ಇದನ್ನು ಅರಿಯದವರು ಆ ಮೌನವನ್ನು ದಡ್ಡತನವೆಂದು ಎಣಿಸುತ್ತಾರೆ. ಕೆಲವೇ ತಿಂಗಳಲ್ಲಿ ಮಗುವೂ ಹಾಗೆಯೇ ನಂಬುತ್ತದೆ. ನಷ್ಟವಾಗುವುದು ಅಲ್ಲಿ.

ಇದಕ್ಕೆ ಕನ್ನಡವನ್ನು ಬಿಡಿಸುವುದು ಪರಿಹಾರವಲ್ಲವೆಂಬುದು ನಮ್ಮ ಅಭಿಪ್ರಾಯ. 'ದ್ಯುತಿಸಂಶ್ಲೇಷಣೆ' ಎಂಬ ಮಾತನ್ನು ಬಾಯಿಪಾಠಮಾಡಿದ ಬಾಲಕನಿಗೆ 'ಫೋಟೊಸಿಂಥೆಸಿಸ್' ಎಂಬುದು ಇನ್ನೊಂದು ಬಾಯಿಪಾಠ. ದ್ಯುತಿಯೆಂದರೆ ಬೆಳಕು, ಸಂಶ್ಲೇಷಣೆಯೆಂದರೆ ಕೂಡಿಸುವುದು. ಬೆಳಕಿನ ಬಲದಿಂದ ಎಲೆಯು ನೀರನ್ನೂ ಅಂಗಾರಾಮ್ಲವಾಯುವನ್ನೂ ಕೂಡಿಸಿ ಆಹಾರವನ್ನು ಮಾಡಿಕೊಳ್ಳುತ್ತದೆಂದು ತಿಳಿದವನಿಗೆ ಆ ಗ್ರೀಕ್ ಮಾತಿನ ಎರಡು ತುಂಡುಗಳೂ ಹಳೆಯ ನೆಂಟರೇ. ಎಂಟನೆಯ ತರಗತಿಯಿಂದಲೇ ದಿನಕ್ಕೆ ಎರಡು ಪಾರಿಭಾಷಿಕ ಪದಗಳನ್ನು ಎರಡು ಭಾಷೆಗಳಲ್ಲಿಯೂ ಅರ್ಥಸಹಿತ ಬರೆದಿಡುತ್ತ ಬಂದರೆ, ಇನ್ನೂರು ದಿನಗಳ ಶಾಲಾವರ್ಷಕ್ಕೆ ನಾನೂರು, ಮೂರು ವರ್ಷಕ್ಕೆ 1,200 ಪದಗಳಾದುವು. ಕಾಲೇಜಿನ ಮೊದಲ ಪಾಠಗಳಿಗೆ ಅಂಜದಿರಲು ಇಷ್ಟು ಬಂಡವಾಳ ಸಾಕು.

ಈ ಸೀಮೆಯೇ ಇದಕ್ಕೆ ಸಾಕ್ಷಿ. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. 1914ರಲ್ಲಿ ಪಡೆದ ಎಂ.ಎ. ಪದವಿ ಇಂಗ್ಲಿಷಿನದು, ಕಥೆಗಳನ್ನು ಬರೆದದ್ದು ಕನ್ನಡದಲ್ಲಿ. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ನಿನಲ್ಲಿಯೇ ತೇರ್ಗಡೆ ಹೊಂದಲಿಲ್ಲ. ಆದರೂ ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನು ಅರ್ಪಿಸಿತು. ಈ ಎರಡನೆಯ ನಿದರ್ಶನವನ್ನು ಸೋಮಾರಿತನಕ್ಕೆ ನೆಪವಾಗಿ ಹಿಡಿಯುವ ಹುಡುಗರುಂಟು. ಪರೀಕ್ಷೆ ಕೈಬಿಟ್ಟರೂ ಅವರು ಓದನ್ನು ಕೈಬಿಡಲಿಲ್ಲವೆಂಬುದನ್ನು ಅಂಥವರು ಮರೆಯುತ್ತಾರೆ.

ಇನ್ನು ವ್ಯವಹಾರದ ಸಂಗತಿಗಳು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಡ ಮಕ್ಕಳಿಗಾಗಿ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆಯುಂಟು. ಎಂಟನೆಯ ತರಗತಿಯಲ್ಲಿ ಅದನ್ನು ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿ.ಯು.ವರೆಗೆ ವರ್ಷಕ್ಕೆ 12,000 ರೂಪಾಯಿ ವೇತನ ದೊರೆಯುತ್ತದೆ. ವೃತ್ತಿಶಿಕ್ಷಣದ ಸಿ.ಇ.ಟಿ. ಪ್ರವೇಶದಲ್ಲಿ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಪ್ರತ್ಯೇಕ ಮೀಸಲುಂಟು. ಆದರೆ ವ್ಯಾಸಂಗ ದೃಢಪತ್ರಗಳಿಲ್ಲದೆ ಅದು ದಕ್ಕದು; ಶಾಲೆ ಬಿಡುವ ದಿನವೇ ಅವನ್ನು ಪಡೆದಿಡುವುದು ಲೇಸು. ಪಿ.ಯು.ವಿನಲ್ಲಿ ಗಣಿತವನ್ನು ತೊರೆದರೆ ಇಂಜಿನಿಯರಿಂಗಿನ ಬಾಗಿಲು ಮುಚ್ಚುತ್ತದೆಂಬುದನ್ನು ವಿಷಯಗಳನ್ನು ಆರಿಸುವ ಮುನ್ನವೇ ಮಗುವಿಗೆ ತಿಳಿಸಬೇಕು. ಪರೀಕ್ಷೆಯಲ್ಲಿ ಜಾರಿದವರೂ ಹತಾಶರಾಗಬೇಕಾಗಿಲ್ಲ, 2024ರಲ್ಲಿ ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಮೂರು ಅವಕಾಶಗಳ ಕ್ರಮ ಜಾರಿಗೆ ಬಂದಿತು.

ತಂದೆತಾಯಿಗಳು ಸೊಪ್ಪು ಕೊಯ್ಯುವ, ಹಣ್ಣು ಬಿಡಿಸುವ ಶ್ರಮಜೀವಿಗಳಾದ ಮನೆಗೆ ಇವನ್ನೆಲ್ಲ ಹೇಳುವವರು ಯಾರು? ಹಬ್ಬಕ್ಕೆಂದು ಊರಿಗೆ ಹೋಗುವ ನೀವು ಹೇಳಬಹುದು. ಒಂದು ಒಳ್ಳೆಯ ಇಂಗ್ಲಿಷ್–ಕನ್ನಡ ನಿಘಂಟನ್ನು ಜೊತೆಗೆ ಒಯ್ಯಿರಿ. ಎಂಟನೆಯ ತರಗತಿಯ ಮಗುವನ್ನು ಕರೆದು ಅಂಕವೆಷ್ಟೆಂದು ಕೇಳುವುದಕ್ಕೆ ಮೊದಲು, ಏನನ್ನು ಓದುತ್ತಿರುವೆಯೆಂದು ಕೇಳಿರಿ. ಹಗ್ಗ ಗೇಣುದ್ದ ಸಾಲದೆ ಬಿಂದಿಗೆ ನೀರನ್ನು ಮುಟ್ಟದಿದ್ದರೆ ಬಾವಿಯನ್ನು ಯಾರೂ ದೂರುವುದಿಲ್ಲ. ಆ ಗೇಣು ಹಗ್ಗವನ್ನು ಕಟ್ಟಿಕೊಡುವುದು ವಿದ್ಯಾವಂತರಾದ ನಮ್ಮೆಲ್ಲರ ಕರ್ತವ್ಯ.